ಒಣಗಿದ್ದೆಲ್ಲ ಬರಡಲ್ಲ: ಕಾರ್ತಿಕದ ಕೊನೆಯಲ್ಲಿ ಕಪ್ಪತಗುಡ್ಡ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳೆರಡು ಸೇರಿ ಶರದೃತುವೆನಿಸುತ್ತವೆ. ಮಳೆಗಾಲದ ಮೋಡಗಳು ತೆರಳಿ ಆಕಾಶ ತಿಳಿಯಾಗುವ, ಹಳ್ಳಕೊಳ್ಳಗಳ ನೀರು ನಿಂತು ನೆಲ ಕಾಣುವ ಕಾಲವಿದು. ಕಾರ್ತಿಕದ ಕೊನೆಯ ವಾರ ಬರುವಷ್ಟರಲ್ಲಿ ಬಯಲುಸೀಮೆಯ ಗುಡ್ಡಗಳಲ್ಲಿ ಹಸಿರು ಮಾಸಿರುತ್ತದೆ. ಹುಲ್ಲು ಒಣಗಿ ತಲೆ ಬಾಗಿಸಿರುತ್ತದೆ. ಒಂದೆಡೆ ಗುಡಿ ಮಠಗಳಲ್ಲಿ ದೀಪೋತ್ಸವಗಳು ನಡೆಯುತ್ತಿದ್ದರೆ ಇನ್ನೊಂದೆಡೆ ಪ್ರಕೃತಿ ತನ್ನ ವೈಭವವನ್ನು ಒಂದೊಂದಾಗಿ ಇಳಿಸಿಡುತ್ತಿರುತ್ತದೆ. ನಿಸರ್ಗದ ಸೊಬಗನ್ನು ಕಾಣಬೇಕಾದರೆ ಶ್ರಾವಣದಲ್ಲಿ ಹೋಗಬೇಕು, ಕಾರ್ತಿಕ ಕಳೆಯುವ ಹೊತ್ತಿಗೆ ಗುಡ್ಡದಲ್ಲಿ ನೋಡುವುದೇನೂ ಉಳಿದಿರುವುದಿಲ್ಲ ಎಂಬುದು ಜನಸಾಮಾನ್ಯರ ಅಭಿಪ್ರಾಯ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸದ್ಭಕ್ತರು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು. ಏಕೆಂದರೆ ಇದು ಕೇವಲ ವಿಹಾರಕ್ಕೆ ಹೋಗುವ ತಿಂಗಳನ್ನು ಕುರಿತ ಪ್ರಶ್ನೆಯಲ್ಲ. ಕಣ್ಣು ಯಾವುದನ್ನು ಬದುಕೆಂದು ಗುರುತಿಸುತ್ತದೆ, ಯಾವುದನ್ನು ಬರಡೆಂದು ತಳ್ಳಿಹಾಕುತ್ತದೆ ಎಂಬ ಪ್ರಶ್ನೆ.

ಉತ್ತರ ಕರ್ನಾಟಕದ ಭಕ್ತರಿಗೆ ಕಪ್ಪತಗುಡ್ಡ ಅಪರಿಚಿತವಲ್ಲ. ಗದಗ ಜಿಲ್ಲೆಯ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲನ್ನು ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದು ಅಭಿಮಾನದಿಂದ ಕರೆಯುವುದುಂಟು. ಆದರೆ ಮಲೆನಾಡಿನ ಸಹ್ಯಾದ್ರಿಯಂತೆ ಇಲ್ಲಿ ವರ್ಷವಿಡೀ ನೀರಿಲ್ಲ, ನೆರಳಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವ ಸೀಮೆಯ ಗುಡ್ಡವಿದು. ಕುರುಚಲು ಕಾಡು, ಕೆಂಪು ಕಲ್ಲು, ಎದೆಯೆತ್ತರದ ಹುಲ್ಲು, ಅವುಗಳ ನಡುವೆ ಹೆಸರಾಂತ ಔಷಧೀಯ ಸಸ್ಯಗಳು, ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ ಮೊದಲಾದ ಪ್ರಾಣಿಗಳು ಇದರ ಸಂಪತ್ತು. ಶ್ರಾವಣ ಮಾಸದಲ್ಲಿ ಕಪ್ಪತ ಮಲ್ಲಯ್ಯನ ದರ್ಶನಕ್ಕೂ ಗಾಳಿಗುಂಡಿ ಬಸವಣ್ಣನ ದರ್ಶನಕ್ಕೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಆಗ ಗುಡ್ಡವೆಲ್ಲ ಹಸಿರು. ಮಂಜು ಮುಸುಕಿದ ಶಿಖರಗಳ ಚಿತ್ರಗಳು ಪತ್ರಿಕೆಗಳಲ್ಲಿಯೂ ಬರುತ್ತವೆ. ಕಾರ್ತಿಕ ಬಂದಿತೆಂದರೆ ದಾರಿ ನಿರ್ಜನವಾಗುತ್ತದೆ.

ಅಂಥ ನಿರ್ಜನ ದಾರಿಯಲ್ಲಿ ಕಾರ್ತಿಕದ ಕೊನೆಯ ಒಂದು ಮುಂಜಾನೆ ಹಿರಿಯ ಭಕ್ತರೊಬ್ಬರು ಮೊಮ್ಮಗಳ ಕೈಹಿಡಿದು ಹತ್ತಿದ ಸಂಗತಿ ಇಲ್ಲಿ ಸ್ಮರಣೀಯವಾಗಿದೆ. ಅವರು ಗುಡ್ಡದ ಕೆಳಗಿನ ಊರಿನ ಒಕ್ಕಲುತನದ ಮನೆಯವರು, ಎಪ್ಪತ್ತು ದಾಟಿದವರು. ಬಾಳಸಂಗಾತಿಯನ್ನು ಕಳೆದುಕೊಂಡು ವರ್ಷ ತುಂಬಿತ್ತು. ಬೆಳಗಿನ ಲಿಂಗಪೂಜೆಯೊಂದನ್ನು ಬಿಟ್ಟರೆ ಉಳಿದ ಎಲ್ಲದರಲ್ಲಿಯೂ ಅವರಿಗೆ ಆಸಕ್ತಿ ಕುಂದಿತ್ತು. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳಿಗೆ ಶಾಲೆಯಲ್ಲಿ ಹತ್ತು ಬಗೆಯ ಬೀಜಗಳನ್ನು ಕೂಡಿಸಿ ತರಲು ಹೇಳಿದ್ದರು. ಅವಳು ಗುಡ್ಡಕ್ಕೆ ಹೋಗೋಣವೆಂದು ಹಟ ಹಿಡಿದಾಗ ಆ ಹಿರಿಯರು, “ಈಗ ಅಲ್ಲೇನೈತಿ ಬಾಳಾ? ಎಲ್ಲಾ ಒಣಗೇತಿ” ಎಂದರು. ಆದರೂ ಮಗುವಿನ ಮಾತು ಮೀರಲಾರದೆ ಹೊರಟರು. ಹೇಗೂ ಹೋಗುವುದಾಗಿದೆ, ಗಾಳಿಗುಂಡಿ ಬಸವಣ್ಣನಿಗೆ ಕಾರ್ತಿಕದ ದೀಪವನ್ನಾದರೂ ಹಚ್ಚಿ ಬರೋಣವೆಂದು ಒಂದು ಪಣತಿ, ಸ್ವಲ್ಪ ಎಣ್ಣೆ, ಬತ್ತಿ, ಕಡ್ಡಿಪೆಟ್ಟಿಗೆಗಳನ್ನು ಚೀಲದಲ್ಲಿಟ್ಟುಕೊಂಡರು.

ಕೆಳಗಿನ ಎರೆಹೊಲಗಳಲ್ಲಿ ಹತ್ತಿ ಅರಳಿತ್ತು. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು. ಮಳೆ ನಿಂತ ಮೇಲೆ ಎರೆಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವದಿಂದಲೇ ಬಹುಮಟ್ಟಿಗೆ ಬೆಳೆಯುವ ಬೆಳೆಯದು. ಗುಡ್ಡದ ಬುಡದಲ್ಲಿ ತಂಗಡಿಯ ಹಳದಿ ಹೂಗಳು ಅಲ್ಲಲ್ಲಿ ಉಳಿದಿದ್ದವು. ಕಲ್ಲುಸಂದಿಯಲ್ಲಿ ಶಿವನಿಗೆ ಪ್ರಿಯವೆಂದು ಪ್ರಸಿದ್ಧವಾದ ತುಂಬೆಯ ಗಿಡಗಳು ಒಣಗುತ್ತ ಬಂದಿದ್ದರೂ ತುದಿಯಲ್ಲಿ ಬಿಳಿಯ ಹೂಗಳನ್ನು ಹೊತ್ತಿದ್ದವು. ಬಾರಿಗಿಡದಲ್ಲಿ ಕಾಯಿ ಕಟ್ಟಿತ್ತು. ಮೇಲೆ ಹತ್ತಿದಂತೆ ಬರಿಯ ಹುಲ್ಲು. ಸೂರ್ಯ ಇನ್ನೂ ಗುಡ್ಡದ ಮರೆಯಲ್ಲಿದ್ದುದರಿಂದ ಆ ಹುಲ್ಲು ಬೂದುಬಣ್ಣದ್ದಾಗಿ ನಿರ್ಜೀವವಾಗಿ ಕಾಣುತ್ತಿತ್ತು. ಹಿರಿಯರ ಮಾತು ನಿಜವೆಂಬಂತೆಯೇ ಇತ್ತು.

ಬಿಸಿಲು ಮೂಡಿದ ಕೂಡಲೆ ಚಿತ್ರವೇ ಬದಲಾಯಿತು. ಬೂದುಬಣ್ಣವೆಂದು ಕಂಡ ಹುಲ್ಲು ವಾಸ್ತವದಲ್ಲಿ ತಾಮ್ರದ ಬಣ್ಣದ್ದಾಗಿತ್ತು. ಕೆಲವೆಡೆ ಜೇನಿನ ಬಣ್ಣ, ಕೆಲವೆಡೆ ಕುಂಕುಮಗೇಸರಿಯ ಛಾಯೆ. ಹುಲ್ಲಿನ ತುದಿತುದಿಗೂ ಇಬ್ಬನಿ. ಎರಡು ಕಡ್ಡಿಗಳ ನಡುವೆ ಜೇಡ ನೇಯ್ದ ಬಲೆಗಳು ರಾತ್ರಿಯೆಲ್ಲ ಯಾರ ಕಣ್ಣಿಗೂ ಬೀಳದೆ ಇದ್ದವು. ಈಗ ಹನಿಗಳನ್ನು ಪೋಣಿಸಿಕೊಂಡು ಇಳಿಜಾರಿನ ತುಂಬ ನೂರಾರು ಸಂಖ್ಯೆಯಲ್ಲಿ ಹೊಳೆಯತೊಡಗಿದವು. ಪುಟ್ಟ ರಾಟವಾಳ ಹಕ್ಕಿಗಳ ಹಿಂಡು ಹುಲ್ಲಿನ ತೆನೆಗಳ ಮೇಲೆ ಕುಳಿತು ಕಾಳು ಬಿಡಿಸಿ ತಿನ್ನುತ್ತಿತ್ತು. ಅವು ಕುಳಿತರೆ ಕಡ್ಡಿ ಬಾಗುತ್ತಿತ್ತು, ಹಾರಿದರೆ ಮತ್ತೆ ನಿಲ್ಲುತ್ತಿತ್ತು. ಗಿಡವೊಂದರಲ್ಲಿ ಗೀಜಗನ ಗೂಡುಗಳು ಮರಿಗಳನ್ನು ಬೆಳೆಸಿ ಕಳಿಸಿದ ಮೇಲೆ ಬರಿದಾಗಿ ಗಾಳಿಗೆ ತೂಗುತ್ತಿದ್ದವು. ಹಸಿರು ಹುಲ್ಲನ್ನೇ ಎಳೆ ಎಳೆಯಾಗಿ ನೇಯ್ದು ಕಟ್ಟಿದ ಆ ಮನೆಗಳನ್ನು ಹಿರಿಯರು ಬಹಳ ಹೊತ್ತು ನೋಡುತ್ತ ನಿಂತರು.

ಅಷ್ಟರಲ್ಲಿ ಮೊಮ್ಮಗಳು ತನ್ನ ಲಂಗಕ್ಕೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತ ಕುಳಿತಿದ್ದಳು. ಗುಡ್ಡ ತಿರುಗಿದ ಎಲ್ಲರಿಗೂ ಈ ಕಾಟ ಗೊತ್ತಿದ್ದದ್ದೇ. ಧೋತರಕ್ಕೆ, ಸೀರೆಯ ನಿರಿಗೆಗೆ, ಕುರಿಯ ತುಪ್ಪಟಕ್ಕೆ ಅಂಟಿಕೊಂಡು ಚುಚ್ಚುವ, ಬೈಗುಳಕ್ಕಲ್ಲದೆ ಬೇರೆ ಯಾವುದಕ್ಕೂ ಪಾತ್ರವಾಗದ ಮುಳ್ಳದು. ಆದರೆ ಅದು ಮುಳ್ಳಲ್ಲ, ಬೀಜ. ಒಂದು ತುದಿಯಲ್ಲಿ ಸೂಜಿಯಂಥ ಮೊನೆ, ಇನ್ನೊಂದು ತುದಿಯಲ್ಲಿ ಹುರಿಗೊಂಡ ಕಂದುಬಣ್ಣದ ಉದ್ದನೆಯ ಬಾಲ. ಮಗು ಅದನ್ನು ತನ್ನ ಅಂಗೈಯಲ್ಲಿಟ್ಟುಕೊಂಡಿತು. ಪಕ್ಕದ ಕಡ್ಡಿಯಿಂದ ಇಬ್ಬನಿಯ ಹನಿಯೊಂದು ಅದರ ಮೇಲೆ ಬಿದ್ದಿತು. ಕ್ಷಣಹೊತ್ತಿನಲ್ಲಿ ಆ ಒಣಬೀಜದ ಬಾಲ ನಿಧಾನವಾಗಿ ಹುರಿ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು. “ಯಜ್ಜಾ, ಇಲ್ ನೋಡ! ಬೀಜಾ ತಾನ ತಿರಗಾಕತ್ತೈತಿ!” ಎಂದು ಮಗು ಕೂಗಿತು. ಹಿರಿಯರು ಬಾಗಿ ನೋಡಿದರು. ಐವತ್ತು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ತಮ್ಮ ಅಂಗೈಯನ್ನೇ ದಿಟ್ಟಿಸುತ್ತ ಬಂದ ಕಣ್ಣುಗಳವು. ಆ ಮುಂಜಾನೆ ಇನ್ನೊಂದು ಎಳೆಯ ಅಂಗೈಯಲ್ಲಿ, ಸತ್ತುಹೋಯಿತೆಂದು ಎಣಿಸಿದ್ದು ಚಲಿಸುವುದನ್ನು ಕಂಡವು.

ಇದರಲ್ಲಿ ಪವಾಡವೇನೂ ಇಲ್ಲ. ಪವಾಡವೆಂದು ಹೇಳಿದರೆ ಶರಣರ ವೈಚಾರಿಕತೆಗೂ ಅಪಚಾರ, ಹುಲ್ಲಿಗೂ ಅಪಚಾರ. ಆ ಬಾಲದ ಎಳೆಗಳು ತೇವವನ್ನು ಹೀರಿದಾಗ ಹುರಿ ಬಿಚ್ಚುತ್ತವೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತವೆ. ರಾತ್ರಿಯ ಇಬ್ಬನಿಗೆ ಒಮ್ಮೆ, ಹಗಲಿನ ಬಿಸಿಲಿಗೆ ಒಮ್ಮೆ, ಹೀಗೆ ದಿನದಿನವೂ ತಿರುಗುತ್ತ ಆ ಬೀಜ ತಿರುಪಿನ ಮೊಳೆಯಂತೆ ತನ್ನ ಮೊನೆಯನ್ನು ನೆಲದೊಳಕ್ಕೆ ಇಳಿಸಿಕೊಳ್ಳುತ್ತದೆ. ಮೊನೆಯ ಹಿಂದಿನ ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಉಳುವವರಿಲ್ಲ, ಬಿತ್ತುವವರಿಲ್ಲ. ತಾಯಿಗಿಡ ಒಣಗಿ ನಿಂತ ಮೇಲೆಯೇ ಈ ಬಿತ್ತನೆ ನಡೆಯುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಶ್ರಾವಣದ ಹಸಿರಿನಲ್ಲಿ ಈ ಬೀಜವಿನ್ನೂ ಹಣ್ಣಾಗಿರುವುದಿಲ್ಲ. ಗುಡ್ಡ ಹಸಿರಾಗಿದ್ದಾಗ ಹುಲ್ಲು ತನಗಾಗಿ ಬದುಕುತ್ತದೆ, ಒಣಗಿದಾಗ ಮುಂದಿನವರಿಗಾಗಿ ದುಡಿಯುತ್ತದೆ ಎಂದರೆ ತಪ್ಪಾಗಲಾರದು.

ಎಲೆ ಉದುರುವ ಮರಗಳ ವಿಷಯದಲ್ಲಿಯೂ ಇದೇ ಮಾತು. ಗಾಳಿ ಬೀಸಿ ಎಲೆಯನ್ನು ಕಿತ್ತುಕೊಂಡು ಹೋಯಿತು ಎಂದು ನೋಡುವವರಿಗೆ ತೋರುತ್ತದೆ. ನಿಜವಾಗಿ ನಡೆಯುವುದು ಬೇರೆ. ಬರಲಿರುವ ಬೇಸಿಗೆಯಲ್ಲಿ ನೀರು ಸಾಲದೆಂಬುದಕ್ಕೆ ಮರ ಮೊದಲೇ ಸಿದ್ಧವಾಗುತ್ತದೆ. ಎಲೆಯಲ್ಲಿರುವ ಸತ್ವದ ಗಣನೀಯ ಭಾಗವನ್ನು ಕಾಂಡಕ್ಕೆ ಹಿಂತೆಗೆದುಕೊಳ್ಳುತ್ತದೆ. ಹಸಿರು ಕರಗಿದಾಗ ಅದರ ಮರೆಯಲ್ಲಿದ್ದ ಹಳದಿ ಹೊರಗೆ ಕಾಣುತ್ತದೆ. ಒಣಕಾಡಿನ ದಿಂಡಿಗದಂಥ ಮರಗಳಲ್ಲಿ ಎಲೆ ಉದುರುವ ಮುನ್ನ ಕೆಂಪೇರುವುದೂ ಉಂಟು. ಆಮೇಲೆ ತೊಟ್ಟಿನ ಬುಡದಲ್ಲಿ ಮರ ತಾನಾಗಿಯೇ ಒಂದು ತೆಳುವಾದ ಪದರವನ್ನು ಬೆಳೆಸಿ, ಗಾಯವಾಗದಂತೆ ಮೊದಲೇ ಮುಚ್ಚಿಕೊಂಡು, ಎಲೆಯನ್ನು ಬಿಟ್ಟುಕೊಡುತ್ತದೆ. ಗಾಳಿ ಕೊನೆಯ ನೆಪ ಮಾತ್ರ. ಮರ ಎಲೆಯನ್ನು ಕಳೆದುಕೊಳ್ಳುವುದಿಲ್ಲ, ಬಿಡುತ್ತದೆ. ಕಳೆದುಕೊಳ್ಳುವುದಕ್ಕೂ ಬಿಡುವುದಕ್ಕೂ ಇರುವ ಅಂತರವನ್ನು ಅಕ್ಕಮಹಾದೇವಿಯ ಬದುಕನ್ನು ಬಲ್ಲ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಡುತಡಿಯ ಅರಮನೆಯ ವೈಭವವನ್ನು ಆಕೆಯಿಂದ ಯಾರೂ ಕಸಿದುಕೊಳ್ಳಲಿಲ್ಲ. ಆಕೆಯೇ ಬಿಟ್ಟು ನಡೆದಳು. ಕಲ್ಯಾಣವನ್ನು ಸೇರಿ, ಅಲ್ಲಿಂದ ಶ್ರೀಶೈಲದ ಕದಳಿಯತ್ತ ಸಾಗಿದ ಆ ನಿರಾಭಾರಿ ಜೀವ ದಾರಿಯ ಗಿಡಮರ ಪಕ್ಷಿಗಳನ್ನೆಲ್ಲ ಬಂಧುಗಳೆಂಬಂತೆ ಮಾತನಾಡಿಸಿತು. ತನ್ನ ಒಡೆಯನ ಸುಳಿವನ್ನು ಅವುಗಳಲ್ಲಿ ಕೇಳಿತು. ವೈಭವವನ್ನು ಬಿಟ್ಟವಳಿಗೆ ಕಾಡು ಬರಿದಾಗಿ ಕಾಣಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಶರಣರು ತೀರ್ಥಕ್ಷೇತ್ರಗಳನ್ನು ಸುತ್ತುವುದನ್ನು ಒಪ್ಪಿದವರಲ್ಲ. ಬೆಟ್ಟ ಹತ್ತಿದರೆ, ಹೊಳೆಯಲ್ಲಿ ಮುಳುಗಿದರೆ ದೇವರು ಸಿಗುತ್ತಾನೆಂಬ ಭ್ರಮೆಯನ್ನು ಅವರು ನಿಷ್ಠುರವಾಗಿ ಖಂಡಿಸಿದರು. ದೇಹವನ್ನೇ ದೇಗುಲವೆಂದು ತಿಳಿದು, ಇಷ್ಟಲಿಂಗವನ್ನು ಅಂಗೈಯಲ್ಲಿ ಪಡೆದವರು ಗುಡ್ಡ ಸುತ್ತುವುದೇಕೆ? ಆಕ್ಷೇಪ ಸರಿಯಾದದ್ದೇ. ಮನೆಯಲ್ಲಿ ಇಲ್ಲದ ದೇವರನ್ನು ಗುಡ್ಡದಲ್ಲಿ ಹುಡುಕಲು ಹೋಗುವವರಿಗೆ ಶ್ರಾವಣವಾದರೂ ಅಷ್ಟೇ, ಕಾರ್ತಿಕವಾದರೂ ಅಷ್ಟೇ. ಆದರೆ ಆ ಹಿರಿಯರು ಕಂಡದ್ದು ಅಂಥ ಹುಡುಕಾಟದ ಫಲವಲ್ಲ. ಅವರು ಏನನ್ನೂ ನಿರೀಕ್ಷಿಸದೆ ಹೋದರು. ನಿರೀಕ್ಷೆಯಿಲ್ಲದ ಕಣ್ಣಿಗೆ ಇದ್ದದ್ದು ಇದ್ದಂತೆ ಕಂಡಿತು.

ಇಷ್ಟಲಿಂಗಪೂಜೆಯಲ್ಲಿ ದೃಷ್ಟಿಯೋಗಕ್ಕೆ ಇರುವ ಸ್ಥಾನವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಎವೆಯಿಕ್ಕದೆ, ಮನಸ್ಸನ್ನು ಅತ್ತಿತ್ತ ಹರಿಯಗೊಡದೆ, ಅಂಗೈಯ ಲಿಂಗದಲ್ಲಿ ನೋಟವನ್ನು ನಿಲ್ಲಿಸುವುದೇ ಆ ಸಾಧನೆ. ಅದು ಕಣ್ಣಿಗೆ ಕೊಡುವ ಶಿಕ್ಷಣ. ಅರ್ಧ ಗಳಿಗೆ ನೋಟವನ್ನು ನಿಲ್ಲಿಸಿ, ಅಂಗೈಯನ್ನು ಮುಚ್ಚಿದ ಮೇಲೆ ದಿನವೆಲ್ಲ ಯಾವುದನ್ನೂ ನೆಟ್ಟಗೆ ನೋಡದೆ ಓಡಾಡಿದರೆ ಆ ಶಿಕ್ಷಣದಿಂದ ಪ್ರಯೋಜನವೇನು? ಪೂಜೆಯಲ್ಲಿ ಪಳಗಿದ ಕಣ್ಣು ಹೊಲದಲ್ಲಿ, ಹಾದಿಯಲ್ಲಿ, ಮನೆಯ ಜನರ ಮುಖದಲ್ಲಿ ಅದೇ ನಿಲುವಿನಿಂದ ನೋಡಬೇಕು. ಗುಡ್ಡಕ್ಕೆ ಹೋಗುವುದು ಲಿಂಗವನ್ನು ಅರಸುವುದಕ್ಕಲ್ಲ, ಲಿಂಗ ಕಲಿಸಿದ ನೋಟವನ್ನು ಪರೀಕ್ಷಿಸಿಕೊಳ್ಳುವುದಕ್ಕೆ. ಆ ಪರೀಕ್ಷೆ ಹಸಿರಿನ ನಡುವೆ ಸುಲಭ. ಅಲ್ಲಿ ಸೊಬಗು ತಾನಾಗಿ ಕಣ್ಣಿಗೆ ಬಂದು ಬೀಳುತ್ತದೆ. ಒಣಹುಲ್ಲಿನ ನಡುವೆ ಅದು ಕಠಿಣ, ಆದ್ದರಿಂದಲೇ ಬೆಲೆಯುಳ್ಳದ್ದು.

ಷಟ್‌ಸ್ಥಲದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರಸಾದಿಸ್ಥಲಕ್ಕೆ ಹೊಂದುವ ವಿಚಾರ. ಬಂದುದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ಸಿಹಿಯನ್ನು ಮಾತ್ರ ಕೈಯೊಡ್ಡಿ ಪಡೆದು ಕಹಿಯನ್ನು ಬದಿಗೆ ಸರಿಸುವವನು ಪ್ರಸಾದಿಯಲ್ಲ, ರುಚಿಗಾರ. ಹಾಗೆಯೇ ಶ್ರಾವಣದ ಹಸಿರನ್ನು ಶಿವನ ಸೊಬಗೆಂದು ಕೊಂಡಾಡಿ ಕಾರ್ತಿಕಾಂತ್ಯದ ಹುಲ್ಲನ್ನು ಕಸವೆಂದು ಕಾಣುವವನು ಸೃಷ್ಟಿಯಲ್ಲಿ ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳುತ್ತಿದ್ದಾನೆ. ಆರಿಸಿಕೊಳ್ಳುವ ಕಣ್ಣು ವ್ಯಾಪಾರಿಯ ಕಣ್ಣು. ಸ್ವೀಕರಿಸುವ ಕಣ್ಣು ಭಕ್ತನ ಕಣ್ಣು.

ಸ್ಥಾವರ ಮತ್ತು ಜಂಗಮಗಳ ವಿವೇಕವನ್ನೂ ಈ ಹುಲ್ಲಿನ ಮುಂದೆ ನಿಂತು ನೆನೆಯಬಹುದು. ಕಾಂಡ ನಿಂತಲ್ಲಿಯೇ ನಿಂತು ಒಣಗಿ ಬೀಳುತ್ತದೆ, ಬೀಜ ಕುರಿಯ ತುಪ್ಪಟವನ್ನೋ ಮಗುವಿನ ಲಂಗವನ್ನೋ ಹಿಡಿದು ನಡೆದುಹೋಗುತ್ತದೆ. ಇದು ಹೋಲಿಕೆ ಮಾತ್ರವೆಂಬುದನ್ನು ಮರೆಯಬಾರದು. ಬಸವಣ್ಣನವರ ಜಂಗಮತತ್ವ ಅರಿವಿಗೂ ಆಚಾರಕ್ಕೂ ಸಮಾಜಕ್ಕೂ ಸಂಬಂಧಿಸಿದ್ದು. ಅದನ್ನು ಹುಲ್ಲಿನ ಬೀಜಕ್ಕೆ ಇಳಿಸಿ ವಚನದ ಅರ್ಥ ತೀರಿತೆನ್ನುವುದು ವ್ಯಾಖ್ಯಾನದ ದುರುಪಯೋಗವಾದೀತು. ಆದರೆ ತತ್ವವನ್ನು ಬಲ್ಲವರಿಗೆ ಹೋಲಿಕೆಯೊಂದು ದಾರಿಯಲ್ಲಿ ಸಿಕ್ಕರೆ ಅದನ್ನು ನಿರಾಕರಿಸಬೇಕಾದ ಅಗತ್ಯವೂ ಇಲ್ಲ. ಶರಣರು ಉಪಮೆಗಳನ್ನು ಹೊಲ, ಮಗ್ಗ, ಅಂಬಿಗರ ದೋಣಿ, ಮನೆಯ ಒಲೆಗಳಿಂದಲೇ ಆರಿಸಿದರು.

ಈ ವಿಚಾರ ಇಷ್ಟಕ್ಕೆ ನಿಲ್ಲುವುದಿಲ್ಲ. ಒಣಗಿದ್ದನ್ನು ಬರಡೆಂದು ಕಾಣುವ ಕಣ್ಣಿನ ದೋಷ ಲೋಕದಲ್ಲಿ ದೊಡ್ಡ ಅನಾಹುತಗಳಿಗೆ ಕಾರಣವಾಗಿದೆ. ಕಂದಾಯ ತರದ ನೆಲವನ್ನು ಬಂಜರೆಂದು ದಾಖಲಿಸುವ ಪದ್ಧತಿ ಬ್ರಿಟಿಷರ ಆಡಳಿತದಲ್ಲಿ ಬೇರೂರಿತು. ಸ್ವಾತಂತ್ರ್ಯಾನಂತರವೂ ಅದು ಪೂರ್ತಿ ಅಳಿಯಲಿಲ್ಲ. ಕೇಂದ್ರ ಸರ್ಕಾರ ಹೊರತಂದ ದೇಶದ ಬಂಜರುಭೂಮಿಯ ನಕಾಶೆಗಳಲ್ಲಿ ಕುರುಚಲು ಗಿಡಗಳ ನೆಲವನ್ನೂ ಬಂಜರಿನ ವರ್ಗಗಳಲ್ಲಿಯೇ ಸೇರಿಸಲಾಗಿದೆ. ತೋಳವೂ ಕತ್ತೆಕಿರುಬವೂ ಹುಟ್ಟಿ ಬೆಳೆಯುವ, ಕುರಿಗಾಹಿಗಳ ಹಿಂಡುಗಳನ್ನು ಸಾಕುವ ನೆಲವದು. ಅದಕ್ಕೆ ‘ಬಂಜರು’ ಎಂಬ ಹೆಸರು ಬಿದ್ದ ಮೇಲೆ ಅದನ್ನು ಅಗೆಯುವುದಕ್ಕೂ ಬೇರೊಂದು ಉದ್ದೇಶಕ್ಕೆ ಕೊಡುವುದಕ್ಕೂ ಯಾರ ಮನಸ್ಸೂ ಅಳುಕುವುದಿಲ್ಲ.

ಕಪ್ಪತಗುಡ್ಡದ ಇತ್ತೀಚಿನ ಚರಿತ್ರೆಯೇ ಇದಕ್ಕೆ ನಿದರ್ಶನ. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. 2016ರಲ್ಲಿ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಗುಡ್ಡದ ಒಡಲಿನ ಖನಿಜಕ್ಕೆ ಗಣಿಗಾರಿಕೆ ಬಂದೀತೆಂಬ ಆತಂಕ ಜನರನ್ನು ಬೀದಿಗಿಳಿಸಿತು. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು 2017ರ ಆ ಹೋರಾಟದ ಮುಂಚೂಣಿಯಲ್ಲಿ ನಿಂತರು. ಅದೇ ವರ್ಷ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿ ದೊರೆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವಿಸ್ತಾರದ ಪ್ರದೇಶ ವನ್ಯಜೀವಿಧಾಮವೆನಿಸಿತು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರು ಆ ಘೋಷಣೆಯನ್ನು ಕಾಣಲಿಲ್ಲ. ಗುಡ್ಡ ಮಾತ್ರ ಉಳಿಯಿತು. ಹಸಿರಾಗಿದ್ದಾಗ ಗುಡ್ಡವನ್ನು ಹೊಗಳಿದವರು ಬಹಳ ಮಂದಿ. ಅದು ಹಸಿರಿಲ್ಲದ ತಿಂಗಳುಗಳಲ್ಲಿಯೂ ಗುಡ್ಡವೇ ಎಂದು ತಿಳಿದವರು ಅದನ್ನು ಉಳಿಸಿದರು. ಮಠಗಳ ಕರ್ತವ್ಯ ಪ್ರವಚನಕ್ಕೆ ಮುಗಿಯುವುದಿಲ್ಲವೆಂಬುದಕ್ಕೆ ಈ ಪ್ರಸಂಗ ಸಾಕ್ಷಿಯಾಗಿದೆ.

ಕಾನೂನು ಗಣಿಯನ್ನು ತಡೆಯಬಹುದು, ಕಡ್ಡಿಪೆಟ್ಟಿಗೆಯನ್ನು ತಡೆಯಲಾರದು. ಮಾಗಿಯ ಚಳಿ ಕಳೆದು ಬಿಸಿಲು ಏರತೊಡಗಿತೆಂದರೆ ಕಪ್ಪತಗುಡ್ಡದಲ್ಲಿ ಬೆಂಕಿ ಕಾಣಿಸಿಕೊಳ್ಳುವುದು ಹೊಸ ಸುದ್ದಿಯಲ್ಲ. ಕೆಲವೊಮ್ಮೆ ಸೇದಿ ಎಸೆದ ಬೀಡಿ, ಕೆಲವೊಮ್ಮೆ ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಕೆಲವೊಮ್ಮೆ ಹಳೆಯ ಹುಲ್ಲು ಸುಟ್ಟರೆ ಮುಂದಿನ ಮಳೆಗೆ ಹೊಸ ಹುಲ್ಲು ಹುಲುಸಾಗಿ ಬರುತ್ತದೆಂಬ ನಂಬಿಕೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಹುಲ್ಲಿನ ಬೇರು ನೆಲದೊಳಗೆ ಸುರಕ್ಷಿತವಾಗಿರುವುದರಿಂದ ಅದು ಮತ್ತೆ ಚಿಗುರುತ್ತದೆ. ಆದರೆ ವರ್ಷವರ್ಷವೂ ಸುಟ್ಟ ನೆಲದಲ್ಲಿ ಮರದ ಸಸಿಗಳು ತಲೆಯೆತ್ತುವುದಿಲ್ಲ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಹುಲ್ಲಿಗೆ ಅಂಟಿದ ಹುಳುಗಳ ತತ್ತಿ, ಓಡಲಾರದ ಸಣ್ಣ ಜೀವಿಗಳು, ನೆಲದ ಮೇಲ್ಪದರದಲ್ಲಿ ಮಳೆಗಾಗಿ ಕಾದಿರುವ ಬೀಜಗಳು ಬೂದಿಯಾಗುತ್ತವೆ. ಮೇಲುಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ದಯೆಯನ್ನೇ ಧರ್ಮದ ಮೂಲವೆಂದು ಸಾರಿದ ಪರಂಪರೆಯಲ್ಲಿ ಹುಟ್ಟಿದವರು ಒಂದು ಕಡ್ಡಿ ಗೀರುವ ಮುನ್ನ ಆ ಜೀವಿಗಳನ್ನು ಎಣಿಸಿ ನೋಡಬೇಕು.

ಸಿಕ್ಕಷ್ಟನ್ನೂ ಬಾಚಿಕೊಳ್ಳುವ ಸ್ವಭಾವವೂ ಇದೇ ದೋಷದ ಇನ್ನೊಂದು ಮುಖ. ಯಾರಿಗೂ ಬೇಡವಾದ ಒಣಗುಡ್ಡವೆಂಬ ಭಾವನೆಯಿಂದ ಔಷಧಿಯ ಬೇರನ್ನು ಬುಡಸಹಿತ ಕಿತ್ತು ಚೀಲ ತುಂಬುವವರಿದ್ದಾರೆ. ಆಯ್ದಕ್ಕಿ ಲಕ್ಕಮ್ಮನ ಕತೆ ಭಕ್ತರೆಲ್ಲರಿಗೂ ಗೊತ್ತು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯೆಂದು ತಿಳಿಹೇಳಿ, ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಲು ಕಳಿಸಿದ ತಾಯಿ ಆಕೆ. ನೆಲಕ್ಕೆ ಚೆಲ್ಲಿದ ಅಕ್ಕಿ ಕೂಡ ಯಾರಿಗೂ ಸೇರದ್ದೆಂದು ಆಕೆ ಭಾವಿಸಲಿಲ್ಲ. ಒಣಗಿ ನಿಂತ ಹುಲ್ಲಿನ ಕಾಳಿಗೆ ರಾಟವಾಳ ಹಕ್ಕಿಯ ಹಕ್ಕಿದೆ, ಮಣ್ಣಿನ ಹಕ್ಕಿದೆ, ಮುಂದಿನ ವರ್ಷದ ಹಕ್ಕಿದೆ. ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ಅಲ್ಲ, ಕಣ್ಣಿಗೆ ಕಾಣದ ಪಂಕ್ತಿಯ ಎಡೆಯನ್ನು ಎತ್ತಿಕೊಳ್ಳದಿರುವುದೂ ದಾಸೋಹವೇ.

ನೆಲವನ್ನು ಕಾಣುವ ಕಣ್ಣೇ ಮನುಷ್ಯರನ್ನೂ ಕಾಣುತ್ತದೆ. ದುಡಿಮೆಯ ವಯಸ್ಸು ದಾಟಿದ ತಂದೆತಾಯಿಗಳನ್ನು ಮನೆಯ ಮೂಲೆಗೆ ಸರಿಸಿ, ಅವರಿಂದ ಇನ್ನೇನೂ ಆಗದೆಂದು ತೀರ್ಮಾನಿಸುವವರ ಮನಸ್ಸಿನಲ್ಲಿಯೂ ‘ಬಂಜರು’ ಎಂಬ ಅದೇ ದಾಖಲೆ ಕೆಲಸ ಮಾಡುತ್ತಿರುತ್ತದೆ. ಕೆಲವೊಮ್ಮೆ ಹಿರಿಯರು ತಮ್ಮನ್ನು ತಾವೇ ಹಾಗೆ ದಾಖಲಿಸಿಕೊಳ್ಳುವುದೂ ಉಂಟು. “ಎಲ್ಲಾ ಒಣಗೇತಿ” ಎಂದು ಹೊರಟ ಆ ಹಿರಿಯರು ಮಾತನಾಡಿದ್ದು ಗುಡ್ಡವನ್ನು ಕುರಿತು ಮಾತ್ರವಾಗಿರಲಿಲ್ಲ. ಸಂಗಾತಿಯಿಲ್ಲದ ಮನೆ, ಸೋತ ಮೊಣಕಾಲು, ಯಾರಿಗೂ ಬೇಡವಾದ ಅನುಭವ, ಇವೆಲ್ಲ ಆ ಮಾತಿನಲ್ಲಿದ್ದವು. ಅಂಥ ದುಃಖಕ್ಕೆ ಗುಡ್ಡದ ಒಂದು ಮುಂಜಾನೆ ಮದ್ದಾಗುತ್ತದೆಂದು ಹೇಳುವುದು ಅತಿಶಯೋಕ್ತಿ. ಆದರೆ ಆ ದಿನ ಇಳಿಯುವಾಗ ಅವರು ಮೊಮ್ಮಗಳಿಗೆ ಗುಡ್ಡದ ಒಂದೊಂದು ಹುಲ್ಲಿನ ಹೆಸರನ್ನೂ ಹೇಳುತ್ತ ಬಂದರು. ಯಾವುದು ದನಕ್ಕೆ ಹಿತ, ಯಾವುದು ಹೊದಿಕೆಗೆ ಬಾಳಿಕೆ, ಯಾವುದನ್ನು ಕಸಬರಿಗೆಗೆ ಕಟ್ಟುತ್ತಿದ್ದರು ಎಂಬುದನ್ನೆಲ್ಲ ಅವರ ಅಜ್ಜಿಯಿಂದ ಕಲಿತದ್ದು, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮಗು ಹತ್ತು ಬೀಜಗಳ ಬದಲು ಹದಿನಾಲ್ಕು ಕೂಡಿಸಿತು. ಹದಿನಾಲ್ಕಕ್ಕೂ ಹೆಸರಿತ್ತು.

ಗಾಳಿಗುಂಡಿ ಬಸವಣ್ಣನ ಸನ್ನಿಧಿಯಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ದೀಪ ಹಚ್ಚಲೆಂದು ಪಣತಿಯನ್ನು ಹೊರತೆಗೆದ ಹಿರಿಯರು ಕಡ್ಡಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ಕುಳಿತರು. ಗಾಳಿ ಬೀಸುತ್ತಿತ್ತು. ಸುತ್ತಲೂ ಆಳೆತ್ತರದ ಒಣಹುಲ್ಲು. ಹರೆಯದಲ್ಲಿ ಗೆಳೆಯರೊಡನೆ ದನ ಕಾಯಲು ಬಂದಾಗ, ಹೊಸ ಹುಲ್ಲು ಬರಲೆಂದು ಇದೇ ಇಳಿಜಾರಿಗೆ ಕಡ್ಡಿ ಗೀರಿದ್ದು ಅವರಿಗೆ ನೆನಪಾಯಿತು. ಅಂದು ರಾತ್ರಿಯೆಲ್ಲ ಗುಡ್ಡ ಉರಿದದ್ದನ್ನು ಊರಿನ ಕಟ್ಟೆಯ ಮೇಲೆ ಕುಳಿತು ಹಬ್ಬದಂತೆ ನೋಡಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಮೊಮ್ಮಗಳಿಗೆ ಹೇಳಿದರು. ಮಗು ಮುಚ್ಚಿಟ್ಟುಕೊಂಡಿದ್ದ ಬೀಜದ ಪೊಟ್ಟಣವನ್ನು ಒಮ್ಮೆ ನೋಡಿ, “ಹಂಗಾರ ಇವೆಲ್ಲಾ ಸುಟ್ಟಹೋಗಿದ್ವೇನ ಯಜ್ಜಾ?” ಎಂದು ಕೇಳಿತು. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೈಮುಗಿದು ಎದ್ದರು. ಪಣತಿಯನ್ನೂ ಎಣ್ಣೆಯನ್ನೂ ತಿರುಗಿ ಚೀಲಕ್ಕೆ ಹಾಕಿಕೊಂಡು ಕೆಳಗಿಳಿದರು.

ಕಾರ್ತಿಕದ ದೀಪಕ್ಕೂ ಗುಡ್ಡದ ಬೆಂಕಿಗೂ ಕಿಡಿ ಒಂದೇ. ಕಣ್ಣಿಗೆ ಬೆಳಕಾಗುವುದು, ನೆಲಕ್ಕೆ ಉರಿಯಾಗುವುದು ಹಚ್ಚುವವರ ಅರಿವನ್ನು ಅವಲಂಬಿಸಿದೆ. ಅರಿವೇ ಗುರುವೆಂದು ನಂಬಿದವರು ಇದನ್ನು ತಿಳಿಯಲಾರದವರಲ್ಲ. ಆದ್ದರಿಂದ ಸದ್ಭಕ್ತರಲ್ಲಿ ವಿನಂತಿ ಇಷ್ಟೇ. ಶ್ರಾವಣದಲ್ಲಿ ಗುಡ್ಡ ಹತ್ತಿದವರು ಕಾರ್ತಿಕದ ಕೊನೆಗೂ ಒಮ್ಮೆ ಹತ್ತಲಿ. ಅರಣ್ಯ ಇಲಾಖೆಯ ಅನುಮತಿಯಿರುವ ದಾರಿಯಲ್ಲಿಯೇ ಹೋಗಲಿ. ಮಕ್ಕಳನ್ನು ಕರೆದೊಯ್ಯಲಿ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದೊಯ್ಯಲಿ. ಹುಲ್ಲಿನ ಹೆಸರನ್ನು ಅವರಿಂದ ಕೇಳಲಿ. ಬೆಂಕಿಪೊಟ್ಟಣ, ಬೀಡಿ, ಸಿಗರೇಟು, ಪ್ಲಾಸ್ಟಿಕ್ ಚೀಲಗಳನ್ನು ಕೆಳಗೇ ಬಿಟ್ಟು ಹೋಗಲಿ. ಹೂವನ್ನು ಗಿಡದಲ್ಲಿಯೇ ಅರ್ಪಿಸಿ ಬರಲಿ. ಗುಡ್ಡದ ಹೆಸರಿನ ದೀಪವನ್ನು ಮನೆಯಲ್ಲಿ ಹಚ್ಚಲಿ.

ಆ ಹಿರಿಯರು ಅಂದು ಸಂಜೆ ಹಾಗೆಯೇ ಮಾಡಿದರು. ಗುಡ್ಡಕ್ಕೆ ಒಯ್ದು ತಂದ ಪಣತಿಗೆ ಅದೇ ಎಣ್ಣೆಯನ್ನೆರೆದು ಮನೆಯ ಹೊಸ್ತಿಲಲ್ಲಿ ದೀಪ ಹಚ್ಚಿದರು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಬೀಜಗಳನ್ನು ಕಾಗದಕ್ಕೆ ಅಂಟಿಸಿ, ಅಜ್ಜನನ್ನು ಕೇಳಿ ಕೇಳಿ ಹೆಸರು ಬರೆಯುತ್ತಿದ್ದಳು.